ಹಡಗಿನ ಕೆಳ ಅಂತಸ್ತಿನವರ ಬಾಯಾರಿಕೆ

ಗುಂಪಿನಲ್ಲಿ ಒಬ್ಬಾಕೆ ಕಂತು ಕಟ್ಟದಿದ್ದರೆ ಉಳಿದವರು ಸೇರಿ ಅವಳ ಪಾಲನ್ನು ಕಟ್ಟಬೇಕು. ಮೈಕ್ರೋ ಫೈನಾನ್ಸ್ ಸಂಸ್ಥೆಗಳು ನಮ್ಮ ಪಟ್ಟಣಗಳ ಗಲ್ಲಿಗಲ್ಲಿಗಳಲ್ಲಿ ನಡೆಸುತ್ತಿರುವ ಗುಂಪು ಸಾಲದ ವ್ಯವಹಾರವು ನಿಂತಿರುವುದು ಈ ಜಂಟಿ ಹೊಣೆಗಾರಿಕೆಯ ಮೇಲೆ. ಅಡವಿಡಲು ಚಿನ್ನವಾಗಲಿ ಜಮೀನಾಗಲಿ ಇಲ್ಲದ ಹೆಂಗಸರಿಂದ ಈ ಸಂಸ್ಥೆಗಳು ಅಡವಿಟ್ಟುಕೊಳ್ಳುವುದು ಅವರ ನೆರೆಹೊರೆಯನ್ನು. ನೆರೆಮನೆಯವಳೇ ಜಾಮೀನು, ಕೊನೆಗೆ ನೆರೆಮನೆಯವಳೇ ವಸೂಲಿಗಾರ್ತಿ! ಕಷ್ಟಕಾಲದಲ್ಲಿ ಒಂದು ಸೇರು ಅಕ್ಕಿ ಕಡ ಕೊಡುತ್ತಿದ್ದವಳು ಈಗ ಬಾಗಿಲಿಗೆ ಬಂದು ಕಂತಿಗಾಗಿ ಕೂಗಾಡುತ್ತಾಳೆ. ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 20ನ್ನು ಮೀರುವ ಬಡ್ಡಿ ಮಾತ್ರ ಸಂಸ್ಥೆಯದು.

ಇದನ್ನು ಮನುಷ್ಯರ ಪರಸ್ಪರ ಸಹಕಾರವೆಂದು ಹೊಗಳಿದವರು ಯಾರು? ಮನುಷ್ಯನು ತನಗೆ ತಾನೇ ಹೊಣೆ, ಬಡತನವು ಬಡವನ ಸ್ವಂತ ವೈಫಲ್ಯ ಎಂದು ಕಳೆದ ನಾಲ್ಕು ದಶಕಗಳಿಂದ ನಮಗೆ ಪಾಠ ಹೇಳುತ್ತಾ ಬಂದ ಅರ್ಥವ್ಯವಸ್ಥೆಯೇ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ 1987ರಲ್ಲಿ ಒಂದು ಮಹಿಳಾ ಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ, ಸಮಾಜವೆಂಬುದೇ ಇಲ್ಲ, ಇರುವುದು ವ್ಯಕ್ತಿಗಳು ಮತ್ತು ಕುಟುಂಬಗಳು ಮಾತ್ರ ಎಂಬರ್ಥದ ಮಾತನ್ನಾಡಿದ್ದರು. ಆ ಮಾತಿನ ಬೇರು ಇನ್ನೂ ಹಳೆಯದು. 1651ರಲ್ಲಿ 'ಲೆವಿಯಾಥನ್' ಬರೆದ ಥಾಮಸ್ ಹಾಬ್ಸ್‌ನ ದೃಷ್ಟಿಯಲ್ಲಿ ಪ್ರಕೃತಿ ಸಹಜ ಸ್ಥಿತಿಯ ಮನುಷ್ಯನು ಪ್ರತಿಯೊಬ್ಬ ಮನುಷ್ಯನ ಶತ್ರು. ಭಯವೊಂದೇ ಅವರನ್ನು ಒಟ್ಟುಗೂಡಿಸುತ್ತದೆ. ಇಂತಹ ಮನುಷ್ಯನಿಗೆ ನೆರೆಯವನ ಹಸಿವಿನ ಬಗ್ಗೆ ಯಾವ ಹೊಣೆಯೂ ಇರಲಾರದು. ಆದರೆ ಸಾಲ ವಸೂಲಿ ಮಾಡುವ ಹೊತ್ತಿಗೆ ಇದೇ ವ್ಯವಸ್ಥೆಗೆ ಸಮಾಜದ ನೆನಪಾಗುತ್ತದೆ. ಲಾಭ ಎಣಿಸುವಾಗ ಅದು ವ್ಯಕ್ತಿಯನ್ನು ಕಾಣುತ್ತದೆ, ನಷ್ಟ ಎಣಿಸುವಾಗ ಸಮೂಹವನ್ನು ಕಾಣುತ್ತದೆ.

ರಾಜಕೀಯದಲ್ಲೂ ಇದೇ ಲೆಕ್ಕಾಚಾರ. ಮಗನ ಮೇಲೆ ಆರೋಪ ಬಂದರೆ ತಂದೆ ಕಟ್ಟಿದ ಮನೆಯ ಮೇಲೆ ಬುಲ್ಡೋಜರ್ ಹರಿಯುವುದನ್ನು ದೇಶ ಕಂಡಿದೆ. ಎಲ್ಲೋ ಒಬ್ಬ ಮುಸ್ಲಿಮ್ ನಾಮಧಾರಿ ತಪ್ಪು ಮಾಡಿದರೆ ಇನ್ನೆಲ್ಲೋ ಇರುವ ಹಣ್ಣಿನ ವ್ಯಾಪಾರಿ ಅದಕ್ಕೆ ಉತ್ತರಿಸಬೇಕಾಗುತ್ತದೆ. 2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರಿದ್ದ ಸುಪ್ರೀಮ್ ಕೋರ್ಟ್ ಪೀಠವು, ಒಬ್ಬ ಆರೋಪಿಯ ನೆಪದಲ್ಲಿ ಮನೆ ಕೆಡವುವುದು ಇಡೀ ಕುಟುಂಬಕ್ಕೆ ವಿಧಿಸುವ ಸಾಮೂಹಿಕ ಶಿಕ್ಷೆಯಾಗುತ್ತದೆಂದು ಹೇಳಿ, 15 ದಿನಗಳ ನೋಟಿಸಿಲ್ಲದೆ ಕೆಡವಬಾರದೆಂದು ಆದೇಶಿಸಬೇಕಾಯಿತು. ಸಮೂಹವಾದವೇ ಪರಿಹಾರವೆಂದು ನಂಬಿದ್ದ ಸೋವಿಯತ್ ರಶ್ಯವು 1930ರ ದಶಕದ ಆರಂಭದಲ್ಲಿ 'ಕುಲಕ್' ಎಂಬ ಹಣೆಪಟ್ಟಿ ಹಚ್ಚಿ ರೈತ ಕುಟುಂಬಗಳನ್ನು ಮಕ್ಕಳು ಮರಿಗಳ ಸಹಿತ ಗಡೀಪಾರು ಮಾಡಿದ್ದನ್ನೂ ಇಲ್ಲಿ ನೆನಪಿಸಬೇಕು. ಆದ್ದರಿಂದ ವ್ಯಕ್ತಿವಾದವನ್ನು ಟೀಕಿಸುವ ನಾವು ವ್ಯಕ್ತಿಯನ್ನು ನುಂಗಿ ಹಾಕುವ ಸಮೂಹವನ್ನು ಬಯಸುತ್ತಿಲ್ಲ.

ಇಸ್ಲಾಮ್ ಇಲ್ಲಿ ಒಂದು ಸ್ಪಷ್ಟವಾದ ಗೆರೆ ಎಳೆದಿದೆ. ಒಬ್ಬರ ಪಾಪಭಾರವು ಇನ್ನೊಬ್ಬರ ಮೇಲೆ ಬೀಳುವುದಿಲ್ಲವೆಂದು ಪವಿತ್ರ ಕುರ್‌ಆನ್ ಒಂದಕ್ಕಿಂತ ಹೆಚ್ಚು ಕಡೆ ಸಾರಿದೆ. ಮಗನ ಅಪರಾಧಕ್ಕೆ ತಂದೆ ಹೊಣೆಯಲ್ಲ, ಪರಲೋಕದ ವಿಚಾರಣೆಯಲ್ಲಿ ಪ್ರತಿಯೊಬ್ಬನೂ ಒಂಟಿ. ಆದರೆ ಸಂಕಷ್ಟದ ಭಾರವನ್ನು ಹೊರುವ ವಿಷಯದಲ್ಲಿ ಒಂಟಿ ಎಂಬವನೇ ಇಲ್ಲ. ಫಿಕ್‌ಹ್ ಗ್ರಂಥಗಳ 'ಆಕಿಲಾ' ಅಧ್ಯಾಯವು ಇದಕ್ಕೆ ಒಳ್ಳೆಯ ನಿದರ್ಶನ. ಉದ್ದೇಶಪೂರ್ವಕವಾಗಿ ಕೊಲೆ ಮಾಡಿದವನ ಹೊಣೆ ಅವನೊಬ್ಬನದೇ. ಆದರೆ ಕೈತಪ್ಪಿ ಪ್ರಾಣಹಾನಿಯಾದರೆ ಮೃತನ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರ ಧನವನ್ನು ಅವನ ಬಂಧುವರ್ಗವು ಮೂರು ವರ್ಷಗಳಲ್ಲಿ ಹಂಚಿಕೊಂಡು ತೀರಿಸಬೇಕು. ಹಝ್ರತ್ ಉಮರ್(ರ)ರ ಕಾಲದಲ್ಲಿ ಸೈನಿಕರ ದಾಖಲೆ ಪುಸ್ತಕವಾದ ದೀವಾನ್ ಏರ್ಪಟ್ಟ ಮೇಲೆ, ಒಂದೇ ದೀವಾನ್‌ನಲ್ಲಿ ಹೆಸರಿದ್ದವರೂ ಈ ಹೊಣೆಗೆ ಸೇರಿದರೆಂದು ಹನಫೀ ವಿದ್ವಾಂಸರು ವಿವರಿಸುತ್ತಾರೆ. ಅಪರಾಧ ಮಾತ್ರ ವ್ಯಕ್ತಿಯದು. ದುರದೃಷ್ಟಕ್ಕೆ ಪಾಲುದಾರರು ಉಂಟು. ಇಂದಿನ ಲೋಕವು ಇದನ್ನು ತಲೆಕೆಳಗೆ ಮಾಡಿದೆ.

ಇದು ಕೇವಲ ಭಕ್ತಿಯ ಮಾತಲ್ಲ, ಮಾನವ ಪ್ರಕೃತಿಯ ಅವಲೋಕನವೂ ಹೌದು. ಹಾಬ್ಸ್‌ಗಿಂತ ಸುಮಾರು ಮುನ್ನೂರು ವರ್ಷ ಹಿಂದೆ, 1377ರಲ್ಲಿ, ಟ್ಯುನಿಸ್ ಮೂಲದ ಇಬ್ನು ಖಲ್ದೂನ್ ತನ್ನ 'ಮುಖದ್ದಿಮಾ'ದಲ್ಲಿ ಒಂದು ದಿನದ ಗೋಧಿಯ ಲೆಕ್ಕ ಹಾಕಿದ್ದರು. ಅದನ್ನು ಬೆಳೆಯಬೇಕು, ಬೀಸಬೇಕು, ನಾದಬೇಕು, ಬೇಯಿಸಬೇಕು. ಅದಕ್ಕೆ ಕಮ್ಮಾರ, ಬಡಗಿ, ಕುಂಬಾರರ ಸಲಕರಣೆ ಬೇಕು. ಒಬ್ಬನ ಶಕ್ತಿ ಅವನೊಬ್ಬನ ಹೊಟ್ಟೆಗೂ ಸಾಲದು, ಹಲವರ ಶಕ್ತಿ ಸೇರಿದರೆ ಅವರ ಸಂಖ್ಯೆಗಿಂತ ಎಷ್ಟೋ ಹೆಚ್ಚು ಜನರಿಗೆ ಸಾಕಾಗುತ್ತದೆ. ಸ್ವಂತ ಪರಿಶ್ರಮದಿಂದಲೇ ಮೇಲೆ ಬಂದೆನೆಂದು ಎದೆ ತಟ್ಟಿಕೊಳ್ಳುವವರು ಬೆಳಗ್ಗೆ ತಿಂದ ರೊಟ್ಟಿಯನ್ನೊಮ್ಮೆ ವಿಚಾರಿಸಿಕೊಳ್ಳುವುದು ಉತ್ತಮ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಓದುಗರಿಗೆ ಸಂತೋಷವಾದೀತು. ಪಶ್ಚಿಮವನ್ನು ಬೈಯುವುದು ಸುಲಭ. ಆದರೆ ನಮ್ಮ ಜಮಾಅತ್‌ಗಳ ಒಳಗೆ ಥ್ಯಾಚರ್‌ಳ ಶಿಷ್ಯರು ಎಷ್ಟಿದ್ದಾರೆಂದು ಯಾರು ಎಣಿಸಬೇಕು?

2009ರಲ್ಲಿ ಕೋಲಾರದಲ್ಲಿ ನಡೆದದ್ದನ್ನು ಜ್ಞಾಪಿಸಿಕೊಳ್ಳೋಣ. ರೇಷ್ಮೆಯ ವ್ಯಾಪಾರ ಕುಸಿದು, ನೂಲು ತೆಗೆಯುವ ಕೆಲಸವನ್ನೇ ನಂಬಿದ್ದ ಮುಸ್ಲಿಮ್ ಕುಟುಂಬಗಳಲ್ಲಿ ಹಲವು ಎರಡು ಮೂರು ಸಂಸ್ಥೆಗಳ ಸಾಲದಲ್ಲಿ ಸಿಲುಕಿದ್ದವು. ವಸೂಲಿಯ ಕಿರುಕುಳ ಮಿತಿಮೀರಿದಾಗ ಅಲ್ಲಿನ ಅಂಜುಮನ್, ಮುಸ್ಲಿಮರು ಈ ಸಂಸ್ಥೆಗಳೊಂದಿಗೆ ವ್ಯವಹರಿಸಬಾರದು, ಕಂತು ಕಟ್ಟಬಾರದೆಂದು ಸಾರಿತು. ಸಿಡ್ಲಘಟ್ಟ, ರಾಮನಗರಗಳಿಗೂ ಅದರ ಬಿಸಿ ತಟ್ಟಿತು. ಮರುವರ್ಷ ಆಂಧ್ರಪ್ರದೇಶದಲ್ಲಿ ಸಾಲಗಾರರ ಆತ್ಮಹತ್ಯೆಗಳ ಬಳಿಕ ಸರಕಾರವೇ ಸುಗ್ರೀವಾಜ್ಞೆ ತಂದಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವೂ ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ಹೊರಡಿಸಿತು. ಅಂದರೆ ಕೋಲಾರದ ಹಿರಿಯರು ಗುರುತಿಸಿದ ರೋಗವನ್ನು ರಾಜ್ಯ ಒಪ್ಪಿಕೊಳ್ಳಲು 16 ವರ್ಷ ಹಿಡಿಯಿತು. ಅವರ ಧೈರ್ಯವನ್ನು ನಾವು ಸಣ್ಣದು ಮಾಡುವುದಿಲ್ಲ. ಆದರೆ ಬಡ್ಡಿಯ ಸಾಲ ಬೇಡವೆಂದು ಹೇಳಿದ ಮೇಲೆ, ಮರುದಿನ ಬೆಳಗ್ಗೆ ಗೂಡು ಕೊಳ್ಳಲು ಹಣ ಬೇಕಾದವಳು ಯಾವ ಬಾಗಿಲಿಗೆ ಹೋಗಬೇಕು? ಈ ಪ್ರಶ್ನೆ ಅಂದೂ ಇತ್ತು, ರಾಜ್ಯದ ಸಾವಿರಾರು ಮೊಹಲ್ಲಾಗಳಲ್ಲಿ ಇಂದೂ ಇದೆ.

ಹಡಗಿನ ಉಪಮೆಯಿರುವ ಹದೀಸನ್ನು ನಮ್ಮ ಖತೀಬರು ಪದೇ ಪದೇ ಉದ್ಧರಿಸುತ್ತಾರೆ. ಕೆಳ ಅಂತಸ್ತಿನವರು ಹಡಗಿಗೆ ತೂತು ಕೊರೆಯಲು ಹೊರಟರೆ ಮೇಲಿನವರು ತಡೆಯಬೇಕು, ಇಲ್ಲವಾದರೆ ಎಲ್ಲರೂ ಮುಳುಗುತ್ತಾರೆ. ಇದರಿಂದ ಕೆಡುಕನ್ನು ತಡೆಯುವ ಪಾಠ ಹೇಳಿ ಖುತುಬಾ ಮುಗಿಯುತ್ತದೆ. ಕೆಳಗಿನವರು ಕೊರೆಯಲು ಹೊರಟದ್ದೇಕೆ? ಹದೀಸಿನಲ್ಲೇ ಅದು ಇದೆ. ಅವರಿಗೆ ನೀರು ಬೇಕಿತ್ತು. ನೀರಿಗಾಗಿ ಪ್ರತಿಸಲ ಮೇಲಿನವರನ್ನು ದಾಟಿ ಹೋಗಬೇಕಿತ್ತು. ಅವರಿಗೆ ತೊಂದರೆ ಕೊಡುವುದೇಕೆಂದು ತಮ್ಮ ಪಾಲಿನ ಜಾಗದಲ್ಲೇ ತೂತು ಮಾಡಲು ಯೋಚಿಸಿದರು. ಪ್ರವಾದಿ(ಸ) ಅವರ ಉಪಮೆಯಲ್ಲಿ ಅವರು ದುಷ್ಟರಲ್ಲ, ಸಂಕೋಚದವರು. ಬಡ್ಡಿಯ ಸಾಲಕ್ಕೆ ಹೆಬ್ಬೆಟ್ಟು ಒತ್ತುವ ಹೆಣ್ಣು ಮಗಳೂ ಹಾಗೆಯೇ. ಶ್ರೀಮಂತ ಬಂಧುವಿನ ಮೆಟ್ಟಿಲೇರಿ ಅವಮಾನ ಪಡುವುದಕ್ಕಿಂತ ಇದೇ ಲೇಸೆಂದುಕೊಂಡವಳು. ಅವಳ ಕೈಯಲ್ಲಿರುವ ಉಳಿಯನ್ನು ಕಿತ್ತುಕೊಳ್ಳುವುದು ಮಾತ್ರ ನಮ್ಮ ಕೆಲಸವೇ?

ನೀರಿನ ವ್ಯವಸ್ಥೆ ಇಲ್ಲದಿಲ್ಲ. ಅದರ ಹೆಸರು ಝಕಾತ್. ಸೂರಃ ಅತ್ತೌಬದ 60ನೇ ಸೂಕ್ತದಲ್ಲಿ ಹೆಸರಿಸಲಾದ ಎಂಟು ಹಕ್ಕುದಾರ ವರ್ಗಗಳಲ್ಲಿ ಆರನೆಯದು ಸಾಲಗಾರರು. ಮೂರನೆಯದು ಝಕಾತನ್ನು ಸಂಗ್ರಹಿಸಿ ವಿತರಿಸುವ ಕೆಲಸಗಾರರು. ಪ್ರತಿಯೊಬ್ಬನೂ ತನ್ನಿಷ್ಟದಂತೆ ಹಂಚಬೇಕಾದ ದಾನವಾಗಿದ್ದರೆ ಇಂತಹ ಕೆಲಸಗಾರರಿಗೆ ಪಾಲು ಏಕೆ? ನಮಾಝ್ ಮಾಡುತ್ತೇವೆ, ಆದರೆ ಝಕಾತನ್ನು ಕೇಂದ್ರಕ್ಕೆ ಕೊಡುವುದಿಲ್ಲ ಎಂದವರ ವಿರುದ್ಧ ಪ್ರಥಮ ಖಲೀಫಾ ಅಬೂಬಕರ್(ರ) ಸಮರ ಸಾರಿದ್ದು ಯಾವುದಕ್ಕಾಗಿ? ಆರಂಭದಲ್ಲಿ ಪ್ರವಾದಿ(ಸ), ಸಾಲ ಉಳಿಸಿ ಮರಣ ಹೊಂದಿದವರ ಜನಾಝ ಬಂದರೆ ಅದನ್ನು ತೀರಿಸುವ ಏರ್ಪಾಡಿದೆಯೇ ಎಂದು ವಿಚಾರಿಸುತ್ತಿದ್ದರು. ವಿಜಯಗಳ ಬಳಿಕ ಅನುಕೂಲ ಒದಗಿದಾಗ ಅಂತಹ ಸಾಲದ ಹೊಣೆಯನ್ನು ತಾವೇ ವಹಿಸಿಕೊಂಡರು. ವಾರಸು ಆಸ್ತಿ ಮಾತ್ರ ಉತ್ತರಾಧಿಕಾರಿಗಳಿಗೆ!

ಇದಕ್ಕೆ ಮದ್ರಸಗಳ ಅಂಗಳದಿಂದಲೇ ಒಂದು ಆಕ್ಷೇಪ ಬರುತ್ತದೆ. ಹಝ್ರತ್ ಉಸ್ಮಾನ್(ರ)ರ ಕಾಲದಿಂದ ನಗದು ಮುಂತಾದ ಗುಪ್ತ ಸಂಪತ್ತಿನ ಝಕಾತನ್ನು ಮಾಲೀಕರೇ ಹಂಚಲು ಬಿಡಲಾಯಿತಲ್ಲವೇ ಎಂದು. ನಿಜ. ಜನರ ಮನೆಯ ಪೆಟ್ಟಿಗೆಗಳನ್ನು ತಡಕುವ ಪರಿಸ್ಥಿತಿ ಬರಬಾರದೆಂಬ ಕಾಳಜಿ ಅದರಲ್ಲಿತ್ತು. ಆದರೆ ಹನಫೀ ಫುಕಹಾಗಳು ಆ ಮಾಲೀಕನನ್ನು ಇಮಾಮನ ಪ್ರತಿನಿಧಿಯೆಂದೇ ಪರಿಗಣಿಸಿದ್ದಾರೆ. ಪ್ರತಿನಿಧಿ ಎಂದರೆ ಮನಬಂದಂತೆ ನಡೆಯುವವನಲ್ಲ. ರಮಝಾನಿನ ಕೊನೆಯ ಹತ್ತರಲ್ಲಿ ಅಂಗಡಿಯ ಮುಂದೆ ಬುರ್ಖಾಧಾರಿ ಮಹಿಳೆಯರ ಸಾಲು ನಿಲ್ಲಿಸಿ, ಒಬ್ಬೊಬ್ಬರ ಕೈಗೆ ಒಂದು ಸೀರೆ ಅಥವಾ ನೂರು ರೂಪಾಯಿ ನೋಟು ಇಡುವಾಗ ಧನಿಕನು ಯಾರ ಪ್ರತಿನಿಧಿ? ಶೇಕಡಾ ಎರಡೂವರೆಯ ಲೆಕ್ಕ ಮುಗಿಯಿತೆಂಬ ನೆಮ್ಮದಿ ಅವನದು. ನೂರು ರೂಪಾಯಿಯಿಂದ ಯಾವ ಸಾಲವೂ ತೀರುವುದಿಲ್ಲ, ಯಾವ ರಾಟೆಯೂ ತಿರುಗುವುದಿಲ್ಲ. ಆ ಮಹಿಳೆ ಮುಂದಿನ ರಮಝಾನಿಗೂ ಅದೇ ಸಾಲಿನಲ್ಲಿರುತ್ತಾಳೆ. ನಮ್ಮ ಮಟ್ಟಿಗೆ ಇದು ಟೊಪ್ಪಿ ಧರಿಸಿದ ವ್ಯಕ್ತಿವಾದ, ಅಷ್ಟೇ.

ಇನ್ನು ಕೆಲವರು, ಮದುವೆಯ ದುಂದುವೆಚ್ಚಕ್ಕೆ ಸಾಲ ಮಾಡಿದವರನ್ನು ಸಮುದಾಯವೇಕೆ ಹೊರಬೇಕು ಎಂದು ಕೇಳುತ್ತಾರೆ. ದುಂದುವೆಚ್ಚಕ್ಕೆ ಮಾಡಿದ ಸಾಲದ ಬಗ್ಗೆ ಫಿಕ್‌ಹ್ ಎಚ್ಚರ ವಹಿಸಿದೆ, ನಾವೂ ವಹಿಸೋಣ. ಆದರೆ ವರದಕ್ಷಿಣೆ ಕೇಳಿದ ವರನ ಮನೆಯವರು, ಆ ನಿಕಾಹ್‌ಗೆ ಸಾಕ್ಷಿ ನಿಂತ ಹಿರಿಯರು, ಊಟ ಉಂಡು ಹರಸಿ ಬಂದ ನಾವೆಲ್ಲರೂ ಆ ದುಂದಿನಲ್ಲಿ ಪಾಲು ಪಡೆದವರೇ. ಕಂತಿನ ದಿನ ಮಾತ್ರ ವಧುವಿನ ತಾಯಿ ಒಂಟಿಯಾಗುವುದು ಯಾವ ನ್ಯಾಯ?

ಜನಾಝ ನಮಾಝ್ ಫರ್ಝ್ ಕಿಫಾಯಾ ಎಂದು ಮದ್ರಸದ ಮಕ್ಕಳಿಗೂ ಗೊತ್ತು. ಕೆಲವರು ನಿರ್ವಹಿಸಿದರೆ ಸಾಕು, ಯಾರೂ ನಿರ್ವಹಿಸದಿದ್ದರೆ ಊರಿಗೆ ಊರೇ ದೋಷಿ. ಅದಕ್ಕಾಗಿ ಮಸೀದಿಗಳಲ್ಲಿ ಸಂದೂಕವಿದೆ, ದಫನ ಭೂಮಿಯ ಸಮಿತಿಯಿದೆ. ಬದುಕಿರುವವನ ಸಾಲಕ್ಕೆ ಮಾತ್ರ ಒಂದು ನೋಟ್ ಪುಸ್ತಕವೂ ಇಲ್ಲ. ಜಮಾಅತ್‌ಗಳ ವಾರ್ಷಿಕ ಸಭೆಗಳಲ್ಲಿ ಮಿನಾರದ ಎತ್ತರ, ಹವಾನಿಯಂತ್ರಣ ಯಂತ್ರದ ಖರ್ಚು ಗಂಟೆಗಟ್ಟಲೆ ಚರ್ಚೆಯಾಗುತ್ತವೆ. ಈ ಸಲದ ಸಭೆಯಲ್ಲಿ ಎರಡು ಸಂಖ್ಯೆಗಳನ್ನು ಸದಸ್ಯರು ಕೇಳಿ ಪಡೆಯಲಿ: ಮೊಹಲ್ಲಾದ ಎಷ್ಟು ಮನೆಗಳು ಬಡ್ಡಿಯ ಕಂತು ಕಟ್ಟುತ್ತಿವೆ, ಮೊಹಲ್ಲಾದಿಂದ ವರ್ಷಕ್ಕೆ ಎಷ್ಟು ಝಕಾತ್ ಹೊರಡುತ್ತದೆ. ಮೊದಲನೆಯದನ್ನು ಹೆಂಗಸರನ್ನು ಕೇಳಿಯೇ ತಿಳಿಯಬೇಕು; ಗಂಡಸರಿಗೆ ಹಲವು ಮನೆಗಳಲ್ಲಿ ಸಾಲದ ಮೊತ್ತವೂ ಗೊತ್ತಿರುವುದಿಲ್ಲ. ಎರಡನೆಯದನ್ನು ಹೇಳಲು ಧನಿಕರು ಹಿಂಜರಿದರೆ, ಅವರ ಹೆಸರು ಬೇಡ, ಮೊತ್ತವನ್ನಷ್ಟೇ ಚೀಟಿಯಲ್ಲಿ ಬರೆದು ಸಂದೂಕಕ್ಕೆ ಹಾಕಲಿ.