ಅಳುವವರ ಮುಖಕ್ಕ ಬ್ಯಾಟರಿ ಹಿಡೀಬ್ಯಾಡ್ರಿ

ಈಗಿನ ಹುಡುಗರ ಎದಿ ಕಲ್ಲಾಗ್ಯಾದ ಅನ್ನೋ ಮಾತು ನಮ್ಮ ವಾಚನಾಲಯದ ಕಟ್ಟಿ ಮ್ಯಾಲ ದಿನಾ ಕೇಳಿ ಬರುತ್ತದೆ. ಅದಕ್ಕೆ ಕೊಡುವ ಕಾರಣ, ಅವರು ಮೊಬೈಲಿನಲ್ಲಿ ನೋಡುವ ಧಾರಾವಾಹಿಗಳು. ಬೆಂಕಿ ಉಗುಳುವ ಡ್ರ್ಯಾಗನ್, ಎದ್ದು ನಡೆಯುವ ಹೆಣ, ಕತ್ತು ಕುಯ್ಯೋದು, ಹಸುಗೂಸನ್ನೂ ಬಿಡದ ಕೊಲೆ. ಇಂಥವನ್ನು ನೋಡುವ ಹುಡುಗರಿಗೆ ವಾಚನಾಲಯದ ಬಾಗಿಲು ಬಂದ್ ಮಾಡಬೇಕು ಅಂತ ಕೆಲವು ಗುರುಗಳು ಹೇಳುತ್ತಿದ್ದಾರೆ. ಅವರ ಕಾಳಜಿ ಖರೆ. ಆದರೆ ಅವರು ಹಾವು ಬಿಟ್ಟು ಹುತ್ತ ಬಡೀಲಿಕ್ಕೆ ಹತ್ತ್ಯಾರ ಎಂಬುದು ನನ್ನ ತಕರಾರು.

ಕ್ರೌರ್ಯ ನಮಗೇನು ಹೊಸದೇ? ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮ ಮಾಡಿದ್ದೇನು? ಯುದ್ಧ ಮುಗಿದ ರಾತ್ರಿ ಪಾಳೆಯಕ್ಕೆ ಹೊಕ್ಕು, ಮಲಗಿದ್ದ ದ್ರೌಪದಿಯ ಐದೂ ಮಕ್ಕಳನ್ನು ಕೊಂದ. ಭೀಮ ದುಶ್ಯಾಸನನ ಎದಿ ಬಗಿದು ರಕ್ತ ಕುಡಿದ. ಜಾತ್ರೆಯ ದೊಡ್ಡಾಟದಲ್ಲಿ ಇದನ್ನು ನಮ್ಮ ಹಿರಿಯರು ಬೆಳತನಕ ಕಣ್ಣು ಮಿಟುಕಿಸದೆ ನೋಡಿದವರೇ. ಯಾರ ಎದಿಯೂ ಕಲ್ಲಾಗಲಿಲ್ಲ. ಆಟದಲ್ಲಿ ಒಂದು ಕ್ರಮ ಇತ್ತು. ಕಥೆ ಎಲ್ಲರಿಗೂ ಮೊದಲೇ ಗೊತ್ತು. ಸಾರಥಿ ನಡುನಡುವೆ ನಗಿಸುತ್ತಿದ್ದ. ವಧೆ ಬರುವಷ್ಟರಲ್ಲಿ ಸಣ್ಣ ಮಕ್ಕಳು ಅವ್ವನ ತೊಡೆ ಮ್ಯಾಲ ನಿದ್ದಿ ಹೋಗಿರುತ್ತಿದ್ದವು. ಕಡೀಗೆ ಮಂಗಳ ಹಾಡಿಯೇ ಜನ ಏಳುತ್ತಿದ್ದರು. ಇನ್ನೊಂದು ಮುಖ್ಯ ಮಾತು: ಬೆಳಕು ರಂಗದ ಮ್ಯಾಲ ಇರುತ್ತಿತ್ತು, ಜನ ಕತ್ತಲೆಯಲ್ಲಿ ಇರುತ್ತಿದ್ದರು. ಯಾರು ಅತ್ತರು, ಯಾರು ಮುಖ ತಿರುಗಿಸಿದರು ಅನ್ನೋದು ಪಕ್ಕದವರಿಗೂ ಕಾಣುತ್ತಿರಲಿಲ್ಲ.

1988ರ ಅಕ್ಟೋಬರ್ 2ರಂದು ದೂರದರ್ಶನದಲ್ಲಿ ಬಿ. ಆರ್. ಚೋಪ್ರಾ ಅವರ ಮಹಾಭಾರತ ಶುರುವಾಯಿತು. ದ್ರೌಪದಿಯ ಸೀರೆ ಸೆಳೆಯುವ ಕಂತು ಬಂದ ಭಾನುವಾರ ನಾವು ಓಣಿಯವರೆಲ್ಲ ಒಂದೇ ಮನೆಯ ಟಿ.ವಿ. ಮುಂದೆ ಕೂತಿದ್ದೆವು. ಹೆಂಗಸರು ಸೆರಗು ಬಾಯಿಗೆ ಹಿಡಿದು ಅತ್ತರು. ಅದನ್ನು ನೋಡಿ ನಕ್ಕವರು ಒಬ್ಬರೂ ಇರಲಿಲ್ಲ.

ಈಗ ಬಂದಿರುವ ಹೊಸ ಚಟ ಬೇರೆ. ಅಮೆರಿಕದ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯಲ್ಲಿ 2013ರ ಜೂನ್ 2ರಂದು ಒಂದು ಮದುವೆಯ ಕಂತು ಬಂತು. ಆತಿಥೇಯ ರೊಟ್ಟಿ-ಉಪ್ಪು ಕೊಟ್ಟಿದ್ದಾನೆ. ಅದನ್ನು ತಿಂದ ಮ್ಯಾಲ ಮನೆಗೆ ಬಂದವರ ಮೈಮುಟ್ಟಬಾರದು ಅನ್ನೋದು ಆ ನಾಡಿನ ಕಟ್ಟಳೆ. ಊಟ, ಕುಡಿತ, ಕುಣಿತ ನಡೆದಿರುವಾಗಲೇ ಬಾಗಿಲು ಮುಚ್ಚುತ್ತದೆ, ವಾದ್ಯದವರ ಹಾಡು ಬದಲಾಗುತ್ತದೆ, ಬಸುರಿ ಹೆಂಗಸಿನ ಹೊಟ್ಟೆಗೆ ಚೂರಿ ಬೀಳುತ್ತದೆ. ಮಗನ ಜೀವ ಉಳಿಸಿರೆಂದು ಬೇಡಿಕೊಳ್ಳುವ ತಾಯಿ ಅವನ ಸಾವು ನೋಡಿ ತಾನೂ ಸಾಯುತ್ತಾಳೆ. ಕಥೆ ಬರೆದ ಜಾರ್ಜ್ ಮಾರ್ಟಿನ್ ಇದನ್ನು ಪೂರಾ ಗಾಳಿಯಿಂದ ಹಿಡಿದದ್ದಲ್ಲ. ಸ್ಕಾಟ್ಲೆಂಡಿನಲ್ಲಿ 1440ರಲ್ಲಿ ಊಟಕ್ಕೆ ಕರೆದು ಕೊಂದ ಪ್ರಸಂಗ, 1692ರಲ್ಲಿ ಗ್ಲೆಂಕೋ ಕಣಿವೆಯಲ್ಲಿ ತಮಗೆ ಆಶ್ರಯ ಕೊಟ್ಟವರನ್ನೇ ಸೈನಿಕರು ಕೊಂದ ಪ್ರಸಂಗ ಅವರ ಮನಸ್ಸಿನಲ್ಲಿದ್ದವು.

ಈ ಕಥೆಯ ಪುಸ್ತಕ 2000ದಲ್ಲೇ ಬಂದಿತ್ತು. ಓದಿದವರಿಗೆ ಮುಂದೇನು ಅಂತ ಗೊತ್ತು. ಅವರಲ್ಲಿ ಕೆಲವರು ಏನು ಮಾಡಿದರು? ಓದದ ಗೆಳೆಯರನ್ನು, ಹೆಂಡತಿಯನ್ನು, ತಂಗಿಯನ್ನು ಟಿ.ವಿ. ಮುಂದೆ ಕೂರಿಸಿ, ಕ್ಯಾಮೆರಾ ಅವರ ಮುಖಕ್ಕೆ ತಿರುಗಿಸಿ ಇಟ್ಟರು. ಚೀರುವವರು, ಅಳುವವರು, ದಿಂಬು ಕಚ್ಚುವವರು ಎಲ್ಲಾ ವಿಡಿಯೋ ಆಗಿ ಜಗತ್ತಿಗೆ ಹಂಚಿಹೋಯಿತು. ಲಕ್ಷಗಟ್ಟಲೆ ಜನ ನೋಡಿ ನಕ್ಕರು. ತಮಾಷೆ ಅಂತ ಒಪ್ಪಿಕೊಂಡೇ ಆಡಿದ ದೋಸ್ತರ ಮಾತು ಬಿಡಿ. ನನ್ನ ಮಾತು ಒಪ್ಪಿಗೆ ಕೇಳದೆ ಹಿಡಿಯುವುದರ ಬಗ್ಗೆ.

ಯಾಕಂದರೆ ಅದು ಮಾಕಣಿಗೂ ಬಂತು. ನಮ್ಮ ಓಣಿಯ ಒಬ್ಬ ಆಯಿಗೆ (ಮರಾಠಿ ಓದುಗರು ತಾಯಿ ಅಂದುಕೊಳ್ಳಬ್ಯಾಡ್ರಿ, ನಮ್ಮಲ್ಲಿ ಆಯಿ ಅಂದ್ರ ಅಜ್ಜಿ) ಮೊಮ್ಮಗ ಇದೇ ಮದುವೆಯ ದೃಶ್ಯ ತೋರಿಸಿದ. 'ಬಾ ಆಯಿ, ಲಗ್ನ ನೋಡು' ಅಂತ ಕರೆದ. ಆಕೆ ಎದಿ ಬಡಿದುಕೊಂಡು ಅತ್ತಳು. ಅವನ ದೋಸ್ತ ಅದನ್ನು ಹಿಡಿದು ವಾಟ್ಸಾಪಿಗೆ ಬಿಟ್ಟ. ಊರೆಲ್ಲ ನಕ್ಕಿತು. 'ಮುದಕಿಗೆ ಸಿನಿಮಾ ಯಾವುದು, ಖರೆ ಯಾವುದು ತಿಳಿಯಂಗಿಲ್ಲ' ಅಂದರು. ಆಕೆಯ ಹೆಸರು ನಾನು ಬರೆಯುವುದಿಲ್ಲ. ಬರೆಯದಿದ್ದರೂ ಎಲ್ಲರಿಗೂ ಗೊತ್ತದ, ಅದೇ ನನ್ನ ಸಿಟ್ಟು.

ತಿಳಿಯಂಗಿಲ್ಲ ಅಂದವರಿಗೆ ಕೇಳುತ್ತೇನೆ. ಜೀವಮಾನವಿಡೀ ಆಟ ನೋಡಿದ ಹೆಂಗಸಿಗೆ, ರಾತ್ರಿ ಸತ್ತ ದುಶ್ಯಾಸನ ಬೆಳಗ್ಗೆ ಬಣ್ಣ ತೊಳೆದು ಚಹಾ ಕುಡೀತಾನ ಅಂತ ಗೊತ್ತಿರೋದಿಲ್ಲೇನು? ನಮಗಿಂತ ಚಲೋ ಗೊತ್ತದ. ಸುಳ್ಳೆಂದು ಗೊತ್ತಿದ್ದೂ ಅಳೋದು ತಿಳಿಗೇಡಿತನ ಅಲ್ಲ. ಹಾಂಗ ಅಂದರೆ ಹರಿಶ್ಚಂದ್ರನ ಆಟ ನೋಡಿ ಕಣ್ಣೊರೆಸಿಕೊಂಡ ಗಾಂಧೀಜಿಯವರೂ ತಿಳಿಗೇಡಿ ಆಗಬೇಕಾಗುತ್ತದೆ.

ಆಕೆಯ ತವರು ಸಾಸ್ತೂರ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಜನ ದಣಿದು ಮಲಗಿದ ರಾತ್ರಿ, ನಸುಕಿನ 3 ಗಂಟೆ 56 ನಿಮಿಷ. ಕಲ್ಲು-ಮಣ್ಣಿನ ಗೋಡೆ, ಮ್ಯಾಲ ಹೇರಿದ ಮಣ್ಣಿನ ಮಾಳಿಗಿ, ಎಲ್ಲಾ ಮಲಗಿದವರ ಮ್ಯಾಲೇ ಕೂತಿತು. ಕಿಲ್ಲಾರಿ ಸುತ್ತಿನ 52 ಹಳ್ಳಿಗಳು ನೆಲಸಮ ಆದವು. ನಗುತ್ತಾ ಮಲಗಿದ ಮನಿಯೊಳಗೆ ಬೆಳಗಾಗುವಷ್ಟರಲ್ಲಿ ಯಾರೂ ಉಳಿದಿಲ್ಲ ಅಂದರೆ ಏನು ಅಂತ ಆ ಆಯಿಗೆ ಯಾವ ಧಾರಾವಾಹಿಯೂ ಕಲಿಸಬೇಕಿಲ್ಲ. ಆಗಲೂ ನೋಡಲಿಕ್ಕೆ ಅಂತಲೇ ಬಂದವರಿದ್ದರು. ಕೈ ಕೊಟ್ಟು ಕಲ್ಲು ಎತ್ತಲಿಕ್ಕೆ ಬಂದ ಪುಣ್ಯಾತ್ಮರ ಜೋಡಿ, ಬರೇ ಕಣ್ಣು ತುಂಬಿಕೊಂಡು ಹೋಗಲಿಕ್ಕೆ ಬಂದ ಗದ್ದಲ. ಅಣ್ಣನ ಹೆಣದ ಮುಂದೆ ಕೂತ ಈ ಆಯಿಯ ಫೋಟೋ ಯಾರೋ ಹೊಡೆದುಕೊಂಡು ಹೋದ. ಯಾರು, ಯಾಕೆ, ಆಕೆಗೆ ಇವತ್ತಿಗೂ ತಿಳಿದಿಲ್ಲ.

ಗುರುಗಳ ಕಡೆಯೂ ಒಂದು ಗಟ್ಟಿ ಮಾತು ಅದ, ಅದನ್ನು ಮುಚ್ಚಿಡಬಾರದು. 2017ರ ನವೆಂಬರಿನಲ್ಲಿ ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ ಏಳು ವರ್ಷದ ಹುಡುಗಿ, ಉದಯ ಟಿ.ವಿ.ಯ 'ನಂದಿನಿ'ಯಲ್ಲಿ ಕಂಡ ಬೆಂಕಿಯ ದೃಶ್ಯವನ್ನು ಅನುಕರಿಸಲು ಹೋಗಿ ಸುಟ್ಟು ತೀರಿಕೊಂಡಿತೆಂದು ಪತ್ರಿಕೆಗಳಲ್ಲಿ ಬಂತು. ಏಳು ವರ್ಷದ ಕೂಸಿಗೆ ಆಟ, ಖರೆ ಬೇರೆ ಮಾಡಿ ನೋಡಲಿಕ್ಕೆ ಆಗೋದಿಲ್ಲ. ಪಕ್ಕದಲ್ಲಿ ಕೂತು ಹೇಳುವವರು ಬೇಕು. 1997ರಲ್ಲಿ ಶುರುವಾದ 'ಶಕ್ತಿಮಾನ್'ನಲ್ಲಿ ಮುಕೇಶ್ ಖನ್ನಾ ಕಂತಿನ ಕೊನೆಗೆ ತಾನೇ ಬಂದು ಮಕ್ಕಳಿಗೆ ನಾಲ್ಕು ಬುದ್ಧಿಮಾತು ಹೇಳುತ್ತಿದ್ದ, ನೆನಪದಲ್ಲ? ಸಾರಥಿಯ ಕೆಲಸ ಅದು. ಸಣ್ಣ ಮಕ್ಕಳಿಗೆ ಇಂಥ ಧಾರಾವಾಹಿ ಬ್ಯಾಡೇ ಬ್ಯಾಡ, ಅದರಲ್ಲಿ ಜಗಳವಿಲ್ಲ. ಆದರೆ ನಮ್ಮ ಒಂಬತ್ತನೇ, ಹತ್ತನೇ ಇಯತ್ತೆಯ ಹುಡುಗರಿಗೆ ಬಾಗಿಲು ಮುಚ್ಚಿದರೆ ಅವರು ನೋಡೋದು ಬಿಡ್ತಾರೇನು? ಹೊಲದ ಬದುವಿನ ಮ್ಯಾಲ ಕೂತು ನೋಡ್ತಾರ, ಸಾರಥಿ ಇಲ್ಲದೆ.

ಅವರನ್ನು ಒಳಗೆ ಕರೆದು ಕೂಡಿಸಿ ಕೇಳ್ರಿ: ಉಪ್ಪು ತಿನಿಸಿ ಕೊಂದವನನ್ನು ನೋಡಿ ನಿನಗೆ ಏನನ್ನಿಸಿತು? ಲಗ್ನ ಅಂತ ಹೇಳಿ ಆಯಿಯನ್ನು ಕರೆದು ಕೂಡಿಸಿದ್ದು ಯಾವ ಜಾತಿಯ ಆತಿಥ್ಯ? ವಿಡಿಯೋ ಹಿಡಿದ ಹುಡುಗ ಆ ಹೊತ್ತು ಧಾರಾವಾಹಿ ನೋಡುತ್ತಲೇ ಇರಲಿಲ್ಲ, ಗಮನಿಸಿರೇನು? ಅವನ ಕಣ್ಣು ಆಕೆಯ ಮುಖದ ಮ್ಯಾಲೇ ಇತ್ತು. ಅವನ ಎದಿ ಕಲ್ಲಾಗಿದ್ದರೆ ಪರದೆಯ ಮ್ಯಾಲಿನ ರಕ್ತದಿಂದ ಆದದ್ದಲ್ಲ, ಊರು ಕೊಟ್ಟ ನಗುವಿನಿಂದ ಆದದ್ದು.

ಆ ವಿಡಿಯೋ ಇನ್ನೂ ನಮ್ಮ ಊರ ಮೂರು ಗ್ರೂಪುಗಳಲ್ಲಿ ಅದ. ಒಂದರಲ್ಲಿ ಗುರುಗಳೂ ಅದಾರ, ನಗುವ ಚಿತ್ರ ಒತ್ತಿದವರೂ ಅದಾರ. ಎಲ್ಲರೂ ಮೊದಲು ತಮ್ಮ ತಮ್ಮ ಮೊಬೈಲಿನಿಂದ ಅದನ್ನು ತೆಗೆಯಲಿ. ವಾಚನಾಲಯದ ಬಾಗಿಲಿನ ಮಾತು ಆಮ್ಯಾಲ ಆಡೋಣು.