ಹೆಸರಿನ ಹಿಂದೊಂದು ಊರು

ಕೆಲಗೇರಿಯಲ್ಲಿ ಯಾರನ್ನೂ ಕೆಲಗೇರಿ ಎಂದು ಕರೆಯಬೇಕಾಗಿಲ್ಲ. ಊರು ಬಿಟ್ಟವನಿಗೇ ಊರಿನ ಹೆಸರು ಅಂಟುವುದು. ಸ್ಕಾಟ್ಲೆಂಡಿನ ಸದರ್‌ಲ್ಯಾಂಡ್ ಸೀಮೆಯೂ ಹೀಗೆಯೇ ಅಡ್ಡಹೆಸರಾಗಿ ಜಗತ್ತನ್ನು ಸುತ್ತಿತು. ನಮ್ಮಲ್ಲಿ ಗಂಗೂಬಾಯಿಯವರ ಹೆಸರಿನೊಡನೆ ಹಾನಗಲ್ಲು ಉಳಿಯಿತು. ಅವರ ಗುರು ಸವಾಯಿ ಗಂಧರ್ವರು ಕುಂದಗೋಳಕರ. ಅಲ್ಲಿ ಊರಿಗೆ ಮರಾಠಿಯ 'ಕರ್' ಕೂಡಿದೆ. ಹಳೆಯ ಮೈಸೂರಿನಲ್ಲಿ ಊರು ಇನಿಷಿಯಲ್ ಆಗಿ ಮುಂದೆ ನಿಲ್ಲುತ್ತದೆ. ವಿಶ್ವೇಶ್ವರಯ್ಯನವರ 'ಎಂ' ಎಂದರೆ ಮೋಕ್ಷಗುಂಡಂ.

ಸರಕಾರಿ ಸೇವೆಯಲ್ಲಿ ನಾನು ಕಂಡುಕೊಂಡದ್ದಿಷ್ಟು: ಜಾತಿಸೂಚಕ ಅಡ್ಡಹೆಸರು ಕಿವಿಗೆ ಬಿದ್ದೊಡನೆ ಮೇಜಿನಾಚೆಯ ಧೋರಣೆ ಬದಲಾಗುತ್ತಿತ್ತು. ಊರಿನ ಹೆಸರು ಅಷ್ಟು ಸುಲಭವಾಗಿ ಜಾತಿಯ ಗುಟ್ಟು ಬಿಟ್ಟುಕೊಡುವುದಿಲ್ಲ. ಮಕ್ಕಳ ಹೆಸರಿಗೆ ಹೊಸದಾಗಿ ಜಾತಿಯನ್ನು ಜೋಡಿಸುವ ಪಾಲಕರು ಇದನ್ನು ಯೋಚಿಸಬೇಕು. ಒಂದೇ ಊರಿನ ಹೆಸರನ್ನು ಎಲ್ಲ ಓಣಿಗಳವರೂ ಸಮಾನವಾಗಿ ಹೊರಬಹುದು. ಜಾತಿಯ ಹೆಸರಿಗೆ ಆ ಔದಾರ್ಯವಿಲ್ಲ.