ಮನೆ ಕೊಟ್ಟು ಮನೆ ತಂದವರ ಜವಾಬು

ಹೋದ ವರ್ಷ ನಾವು ಬೆಂಗಳೂರಿನ ಮನೆ ಮಾರಲಿಲ್ಲ, ಮೈಸೂರಿನಲ್ಲಿ ಮನೆ ಕೊಳ್ಳಲೂ ಇಲ್ಲ. ಆದರೂ ಈಗ ಮೈಸೂರಿನ ಸ್ವಂತ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಸವೇಶ್ವರನಗರದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಫ್ಲ್ಯಾಟ್ ಇತ್ತು. ಮೈಸೂರಿನ ಕುವೆಂಪುನಗರದಲ್ಲಿ ಇನ್ನೊಂದು ದಂಪತಿಗೆ, ಗಂಡನ ಅಪ್ಪ ಕಟ್ಟಿಸಿದ ಹಳೆಯ ಮನೆ ಇತ್ತು. ನನ್ನ ಮಂಡಿಗೆ ಮೆಟ್ಟಿಲು ಆಗುತ್ತಿರಲಿಲ್ಲ. ಅವರ ಮಗಳಿಗೆ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಆತನ ಕೆಲಸವೂ ಅಲ್ಲೇ, ಬೆಳಗಾದರೆ ರೈಲು. ಒಂದೇ ಪತ್ರ ಬರೆಸಿ ಮನೆಗೆ ಮನೆ ಬದಲಾಯಿಸಿಕೊಂಡೆವು. ಅವರ ಮನೆಯ ಬೆಲೆ 80 ಲಕ್ಷ, ನಮ್ಮದು 70 ಲಕ್ಷ ಎಂದು ಒಪ್ಪಿ, ಮೇಲಿನ ಹತ್ತು ಲಕ್ಷವನ್ನು ಬ್ಯಾಂಕಿನ ಮೂಲಕ ಕೊಟ್ಟೆವು.

ಆಮೇಲೆ ಶುರುವಾಯಿತು ನೋಡಿ ತಕರಾರು. ಮದುವೆ ಮನೆಯ ಪಂಕ್ತಿಯಲ್ಲಿ, ಪಾರ್ಕಿನ ಕಲ್ಲುಬೆಂಚಿನಲ್ಲಿ, ಹಳೆಯ ಸಹೋದ್ಯೋಗಿಗಳ ಫೋನಿನಲ್ಲಿ. ಎದುರಿಗೆ ನಕ್ಕು ಸುಮ್ಮನಾದೆ. ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳಿಗೆ ಉತ್ತರಪತ್ರಿಕೆಗಳನ್ನು ತಿದ್ದದೆ ಬಿಟ್ಟರೆ ನಿದ್ದೆ ಹತ್ತುವುದಿಲ್ಲ. ತಿದ್ದಿಬಿಡುತ್ತೇನೆ. ಸರಿ ಬರೆದವರಿಗೆ ಅಂಕವನ್ನೂ ಕೊಡುತ್ತೇನೆ.

ಮೊದಲು ನಮ್ಮ ಭಾವನವರು. "ರಾಗಿ ಕೊಟ್ಟು ಉಪ್ಪು ತಗೊಳ್ಳೋ ಕಾಲ ಹೋಯ್ತಮ್ಮ. ಇಂಥದ್ದಕ್ಕೆ ಕಾನೂನಲ್ಲಿ ಜಾಗ ಎಲ್ಲಿದೆ?" ಎಂದರು. ಜಾಗ 1882ರಿಂದಲೇ ಇದೆ. ಆ ವರ್ಷದ ಸ್ವತ್ತು ವರ್ಗಾವಣೆ ಕಾಯ್ದೆಯ 118ನೇ ಸೆಕ್ಷನ್ ಇದಕ್ಕೇ ಮೀಸಲು: ಇಬ್ಬರು ಒಂದರ ಒಡೆತನಕ್ಕೆ ಇನ್ನೊಂದರ ಒಡೆತನವನ್ನು ಪರಸ್ಪರ ಬಿಟ್ಟುಕೊಟ್ಟರೆ ಅದು ವಿನಿಮಯ. ಒಂದು ಕಡೆ ಬರೀ ಹಣವೇ ಇದ್ದರೆ ಅದು ಮಾರಾಟ. ಮನೆಯ ಜೊತೆ ಸ್ವಲ್ಪ ಹಣ ಸೇರಿದರೆ ವಿನಿಮಯವೇನೂ ಕೆಡುವುದಿಲ್ಲ. ಮಾರಾಟಕ್ಕೆ ನೋಂದಣಿ ಹೇಗೆ ಬೇಕೋ ಇದಕ್ಕೂ ಹಾಗೇ ಬೇಕು. ಕಚೇರಿಯ ಭಾಷೆಯಲ್ಲಿ ಅದು ವಿನಿಮಯ ಪತ್ರ, ಪತ್ರ ಬರಹಗಾರರ ಬಾಯಲ್ಲಿ ಅದಲು ಬದಲು ಪತ್ರ. ಭಾವನವರ ಮನಸ್ಸಿನಲ್ಲಿ ಇದ್ದದ್ದು ಊರ ಕಡೆಯ ಬಾಯಿಮಾತಿನ ವ್ಯವಹಾರ. ಬದುವಿನಾಚೆಯ ಹತ್ತು ಗುಂಟೆ ನಿನಗೆ, ಬಾವಿ ಪಕ್ಕದ್ದು ನನಗೆ ಎಂದು ಅಜ್ಜಂದಿರು ಒಪ್ಪಿಕೊಂಡು ಉಳುತ್ತಾರೆ, ಪಹಣಿ ಮಾತ್ರ ಹಳೆಯ ಹೆಸರಲ್ಲೇ ಉಳಿಯುತ್ತದೆ, ಮೊಮ್ಮಕ್ಕಳು ಕೋರ್ಟಿಗೆ ಹೋಗುತ್ತಾರೆ. ಆ ಹೆದರಿಕೆ ನ್ಯಾಯವಾದದ್ದೇ. ಆದರೆ ಅಲ್ಲಿ ತಪ್ಪಿದ್ದು ಬರವಣಿಗೆ ಮತ್ತು ನೋಂದಣಿ; ಬದಲಾಯಿಸಿಕೊಂಡದ್ದಲ್ಲ.

ಭಾವನವರದೇ ಇನ್ನೊಂದು ಪ್ರಶ್ನೆ: ಮನೆಗಳು ಎರಡು ಊರಿನಲ್ಲಿವೆ, ನೋಂದಣಿ ಎಲ್ಲಿ? 1908ರ ನೋಂದಣಿ ಕಾಯ್ದೆ ಹೇಳುವಂತೆ, ಪತ್ರದಲ್ಲಿರುವ ಸ್ವತ್ತಿನ ಒಂದು ಭಾಗ ಯಾವ ಉಪನೋಂದಣಾಧಿಕಾರಿಯ ವ್ಯಾಪ್ತಿಯಲ್ಲಿದ್ದರೂ ಅಲ್ಲಿ ಮಾಡಿಸಬಹುದು. ಇನ್ನೊಂದು ಕಡೆಗೆ ಮಾಹಿತಿ ಕಳಿಸುವುದು ಕಚೇರಿಯವರ ಕೆಲಸ. ನಾವು ಮೈಸೂರಿನಲ್ಲಿ ಮಾಡಿಸಿದೆವು. ಮೂಲಪತ್ರ ಒಬ್ಬರಿಗೇ ತಾನೆ ಎನ್ನುವವರಿಗೆ: ಡ್ಯೂಪ್ಲಿಕೇಟ್ ಪ್ರತಿಯನ್ನು ಸಣ್ಣ ಶುಲ್ಕ ಕಟ್ಟಿ ಜೊತೆಗೇ ನೋಂದಾಯಿಸಬಹುದು. ಕೈಯಲ್ಲಿ ಪತ್ರವಿಲ್ಲದವರು ಯಾರೂ ಉಳಿಯುವುದಿಲ್ಲ.

ಎರಡನೆಯವರು ಲೆಕ್ಕದ ಮೇಷ್ಟರು, ನನ್ನ ಜೊತೆ ಕೆಲಸ ಮಾಡಿದವರು. "ಎರಡು ಮನೆ ಕೈ ಬದಲಾಯಿಸಿದ ಮೇಲೆ ಸರ್ಕಾರ ಎರಡಕ್ಕೂ ಸ್ಟ್ಯಾಂಪ್ ಡ್ಯೂಟಿ ಕಿತ್ಕೊಳ್ಳುತ್ತೆ. ನಿಮಗೆ ಉಳಿದದ್ದೇನು ಮೇಡಂ?" ಈ ಉತ್ತರಕ್ಕೆ ಸೊನ್ನೆ. ಕರ್ನಾಟಕದಲ್ಲಿ ವಿನಿಮಯ ಪತ್ರಕ್ಕೆ ಡ್ಯೂಟಿ ಬೀಳುವುದು ಎರಡರಲ್ಲಿ ಹೆಚ್ಚು ಬೆಲೆಯ ಸ್ವತ್ತಿನ ಮೇಲೆ ಮಾತ್ರ, ಅದೂ ಒಂದೇ ಸಲ. 45 ಲಕ್ಷ ದಾಟಿದ ಸ್ವತ್ತಿಗೆ ಶೇ. 5, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿ ನಗರದಲ್ಲಿ ಶೇ. 5.6. ನಮ್ಮ ಎರಡು ಮನೆಗಳನ್ನೂ ಕ್ರಯಪತ್ರ ಮಾಡಿ ಮಾರಿದ್ದರೆ 80 ಲಕ್ಷಕ್ಕೆ 4.48 ಲಕ್ಷ, 70 ಲಕ್ಷಕ್ಕೆ 3.92 ಲಕ್ಷ, ಒಟ್ಟು 8.40 ಲಕ್ಷ ಖಜಾನೆಗೆ ಹೋಗುತ್ತಿತ್ತು. ಈಗ ಹೋದದ್ದು 4.48. ಬೇರೆ ಕರಾರು ಇಲ್ಲದಿದ್ದರೆ ಇದನ್ನು ಇಬ್ಬರೂ ಸಮಪಾಲಾಗಿ ಭರಿಸಬೇಕೆಂದು ಸ್ಟ್ಯಾಂಪ್ ಕಾಯ್ದೆಯೇ ಹೇಳುತ್ತದೆ. ನಮ್ಮ ಪಾಲು 2.24 ಲಕ್ಷ. ನೋಂದಣಿ ಶುಲ್ಕ ಬೇರೆ. ಅದನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಿದ್ದಾರೆ. ಪತ್ರಗಳ ಸಂಖ್ಯೆ ಕಡಿಮೆಯಾದಷ್ಟೂ ಜೇಬಿಗೆ ಹಿತ. ಬ್ರೋಕರ್ ಎರಡೂ ಕಡೆ ತೆಗೆದುಕೊಳ್ಳುವ ಶೇಕಡಾ ಒಂದೋ ಎರಡೋ ಕಮಿಷನ್ ಈ ಲೆಕ್ಕಕ್ಕೆ ಸೇರಿಲ್ಲ. ನಮ್ಮ ಹಳೆಯ ಬೀದಿಯ ಬ್ರೋಕರ್ ಮಾತ್ರ, "ಆಂಟಿ, ಸುದ್ದಿ ಕಿವಿಗೆ ಬಿದ್ದಿದ್ರೆ ನಾನೇ ಜೋಡಿಸ್ತಿದ್ದೆನಲ್ಲ" ಎಂದು ಇನ್ನೂ ಕೊರಗುತ್ತಾನೆ.

ಇದನ್ನು ಕೇಳಿದ ಕೂಡಲೇ ಇನ್ನೊಂದು ಗುಂಪು ತಿರುಗಿ ಬಿತ್ತು: ಹಾಗಾದರೆ ಇದು ತೆರಿಗೆ ತಪ್ಪಿಸುವ ಕಳ್ಳದಾರಿ! ಅಲ್ಲ. ಆದಾಯ ತೆರಿಗೆಯ ಕಣ್ಣಿಗೆ ಅದಲು ಬದಲು ಕೂಡ ವರ್ಗಾವಣೆಯೇ. ನಮ್ಮ ವ್ಯವಹಾರದ ಕಾಲಕ್ಕಿದ್ದ 1961ರ ಕಾಯ್ದೆಯ ವ್ಯಾಖ್ಯೆಯಲ್ಲಿ ಮಾರಾಟದ ಪಕ್ಕದಲ್ಲೇ ವಿನಿಮಯ ಎಂಬ ಪದ ಕೂತಿತ್ತು. ಲಾಭ ಬಂದಿದ್ದರೆ ಬಂಡವಾಳ ಲಾಭದ ಲೆಕ್ಕ ಕೊಡಲೇಬೇಕು. ಮನೆ ಬಿಟ್ಟು ಮನೆ ಪಡೆದವರಿಗೆ ಆ ಕಾಯ್ದೆಯ 54ನೇ ಸೆಕ್ಷನ್ನಿನ ವಿನಾಯಿತಿ ಇತ್ತು. "ನೀವು ಕೊಂಡೇ ಇಲ್ಲ, ವಿನಾಯಿತಿ ಎಲ್ಲಿಂದ?" ಎಂದವರಿಗೆ ಹಳೆಯದೊಂದು ತೀರ್ಪನ್ನು ತೋರಿಸುತ್ತೇನೆ. 1979ರಲ್ಲಿ ಅರವಿಂದ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸೋದರರು ಹಣ ಪಡೆದು ಬಿಟ್ಟುಕೊಟ್ಟ ಪಾಲನ್ನೂ ಖರೀದಿ ಎಂದೇ ಎಣಿಸಿತು. ಬೆಲೆಯನ್ನು ನೋಟಿನಲ್ಲಲ್ಲದೆ ವಸ್ತುವಿನ ರೂಪದಲ್ಲಿ ಕೊಟ್ಟರೂ ಅದು ಕೊಂಡಂತೆಯೇ ಎಂಬುದು ಅದರ ಧೋರಣೆ. ನಮ್ಮ ಆಡಿಟರ್ ಇದನ್ನೇ ಹಿಡಿದು ರಿಟರ್ನ್ಸ್ ಹಾಕಿದರು.

ಕಳ್ಳದಾರಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಅದಲು ಬದಲಿನ ಯೋಚನೆಗೆ ಮುಂಚೆ ನಾವು ಫ್ಲ್ಯಾಟನ್ನು ಎಂಟು ತಿಂಗಳು ಮಾರಾಟಕ್ಕಿಟ್ಟಿದ್ದೆವು. ಬಂದವರೆಲ್ಲ ಅಡುಗೆಮನೆ ನೋಡುವ ಮೊದಲೇ ಕೇಳುತ್ತಿದ್ದದ್ದು ಒಂದೇ: "ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು?" ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯಬಾರದೆಂದು ಕಾಯ್ದೆ ಇದೆ ಎಂದರೆ, ಪಾಪ ಏನೂ ತಿಳಿಯದ ಟೀಚರು ಎಂಬಂತೆ ನೋಡುತ್ತಿದ್ದರು. ಒಬ್ಬರಂತೂ ಅರ್ಧ ಹಣವನ್ನು ಚೀಲದಲ್ಲಿ ತಂದುಕೊಡುತ್ತೇನೆಂದು ಯಜಮಾನರ ಕಿವಿಯಲ್ಲಿ ಹೇಳಿಹೋದರು. ಅದನ್ನು ಎಲ್ಲಿಡುವುದು, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೋ? ಮನೆಗೆ ಮನೆ ಎಂದಾಗ ಆ ಚೀಲಕ್ಕೆ ಕೆಲಸವೇ ಇರಲಿಲ್ಲ.

ಬೆಲೆ ಸಮ ಬರುವುದಿಲ್ಲ, ಯಾರೋ ಒಬ್ಬರು ಟೋಪಿ ಹಾಕಿಸಿಕೊಳ್ಳುತ್ತಾರೆ ಎಂಬ ತಕರಾರಿಗೆ ನನ್ನ ಉತ್ತರ ಸ್ವಲ್ಪ ಉದ್ದವಾಗಿದೆ. ಮಾರಿ ಕೊಳ್ಳುವವನು ಎರಡು ಸಲ ಮಾರುಕಟ್ಟೆಯ ಬಾಯಿಗೆ ಬೀಳುತ್ತಾನೆ. ಮಾರುವಾಗ ಕೊಳ್ಳುವವರಿಗೆ ಅವಸರವಿಲ್ಲ, ಕೊಳ್ಳುವಾಗ ಮಾರುವವರ ಗತ್ತು. ನಡುವೆ ಆರು ತಿಂಗಳು ಕಳೆದರೆ ಕೈಯಲ್ಲಿರುವ ಹಣ ಅಷ್ಟೇ ಇರುತ್ತದೆ, ಮುಂದಿನ ಮನೆಯ ಬೆಲೆ ಏರಿರುತ್ತದೆ; ಬಾಡಿಗೆ, ಅಡ್ವಾನ್ಸು, ಎರಡು ಸಲ ಸಾಮಾನು ಸಾಗಿಸುವುದು ಬೇರೆ. ಅದಲು ಬದಲಿನಲ್ಲಿ ನಿಜವಾದ ಬೆಲೆ 80 ಲಕ್ಷವೋ 90 ಲಕ್ಷವೋ ಎಂದು ತಲೆ ಕೆಡಿಸಿಕೊಳ್ಳುವುದು ಅರ್ಧ ವ್ಯರ್ಥ. ಎರಡನ್ನೂ ಒಂದೇ ಕಣ್ಣಿನಿಂದ ಹೆಚ್ಚು ಅಳೆದಿದ್ದರೆ ಎರಡೂ ಹೆಚ್ಚೇ. ಕಡಿಮೆ ಅಳೆದಿದ್ದರೆ ಎರಡೂ ಕಡಿಮೆಯೇ. ಸರಿ ಬರಬೇಕಾದದ್ದು ನಡುವಿನ ವ್ಯತ್ಯಾಸವೊಂದೇ. ಅದಕ್ಕಾಗಿ ನಾವು ಇಬ್ಬರು ವ್ಯಾಲ್ಯುಯರ್‌ಗಳಿಗೆ ಎರಡೂ ಮನೆ ತೋರಿಸಿದೆವು. ಒಬ್ಬರು ವ್ಯತ್ಯಾಸ ಎಂಟು ಲಕ್ಷ ಎಂದರು, ಇನ್ನೊಬ್ಬರು ಹನ್ನೆರಡು. ಹತ್ತಕ್ಕೆ ಕೈ ಕುಲುಕಿದೆವು. ಇದರಲ್ಲಿ ಯಾರಿಗಾದರೂ ಎರಡು ಲಕ್ಷ ಹೆಚ್ಚುಕಮ್ಮಿ ಆಗಿರಬಹುದು. ಮಾರಾಟದಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಂಡು ಲಾಭವಾಯಿತೆಂದು ಹೋಳಿಗೆ ಮಾಡಿಸಿದವರನ್ನು ಕಂಡಿದ್ದೇನೆ.

ಇನ್ನು ನಮ್ಮ ಚಿಕ್ಕಮ್ಮ. ಎಂಬತ್ತು ದಾಟಿದೆ, ಲಾ ಓದಿಲ್ಲ, ಆದರೆ ವಕೀಲರೂ ಎತ್ತದ ಪಾಯಿಂಟ್ ಎತ್ತಿದವರು ಅವರೇ. "ಕೊಟ್ಟು ತಂದ ಸಂಬಂಧ ಕಣೇ ಇದು. ಒಂದು ಮನೆ ಹುಳಿಯಾದರೆ ಎರಡೂ ಹುಳಿ." ನಿಜ. ಅಣ್ಣ ತಂಗಿಯರನ್ನು ಅದಲು ಬದಲಾಗಿ ಕೊಟ್ಟು ತಂದ ಕಡೆ, ಒಂದು ಮಗಳು ತವರಿಗೆ ಬಂದರೆ ಇನ್ನೊಂದು ಮನೆಯ ಸೊಸೆಯೂ ಗಂಟು ಕಟ್ಟಬೇಕಾಗುತ್ತಿತ್ತು. 1882ರ ಆ ಸ್ವತ್ತು ವರ್ಗಾವಣೆ ಕಾಯ್ದೆಯ 119ನೇ ಸೆಕ್ಷನ್ ಹೆಚ್ಚುಕಡಿಮೆ ಈ ಮಾತನ್ನೇ ಆಡುತ್ತದೆ: ನಿಮಗೆ ಬಂದ ಸ್ವತ್ತು ಕೊಟ್ಟವರ ಹಕ್ಕಿನ ದೋಷದಿಂದ ಕೈಬಿಟ್ಟರೆ, ನಷ್ಟ ಕಟ್ಟಿಕೊಡಿ ಎನ್ನಬಹುದು, ಇಲ್ಲವೇ ನಾವು ಕೊಟ್ಟದ್ದನ್ನು ವಾಪಸು ಕೊಡಿ ಎನ್ನಬಹುದು. ಮಾರಾಟದಲ್ಲಿ ಕೊಟ್ಟ ಹಣ ಕರಗಿಹೋಗಿರುತ್ತದೆ. ಇಲ್ಲಿ ಕೊಟ್ಟ ಮನೆ ನಿಂತಿರುತ್ತದೆ. ಆದರೆ ಅವರು ಅಷ್ಟರೊಳಗೆ ನಮ್ಮ ಹಳೆಯ ಫ್ಲ್ಯಾಟನ್ನು ಬೇರೆಯವರಿಗೆ ಹಣಕ್ಕೆ ಮಾರಿಬಿಟ್ಟಿದ್ದರೆ ಅದು ವಾಪಸು ಬರುವುದಿಲ್ಲ, ಪರಿಹಾರವಷ್ಟೇ ಗತಿ. ಚಿಕ್ಕಮ್ಮನಿಗೆ ಪೂರ್ತಿ ಅಂಕ.

ಆ ಅಂಕ ನಮ್ಮಿಂದ ಮಾಡಿಸಿದ ಕೆಲಸ ದೊಡ್ಡದು. ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿದೆವು. ಇ-ಖಾತಾ, ಕಂದಾಯದ ರಸೀದಿ, ವಂಶವೃಕ್ಷ ನೋಡಿದೆವು. ಮೈಸೂರಿನ ಮನೆ ಅವರ ಅಪ್ಪನ ಸ್ವಯಾರ್ಜಿತ, ಉಯಿಲು ಬರೆಯದೆ ತೀರಿಕೊಂಡಿದ್ದರು. ಅಂದಮೇಲೆ ದಾವಣಗೆರೆಗೆ ಮದುವೆಯಾಗಿ ಹೋದ ಅಕ್ಕನಿಗೂ ಸಮಪಾಲು ಇದೆ. "ಅಕ್ಕ ಏನೂ ಅನ್ನಲ್ಲ" ಎಂದರು ಆತ. ಅಕ್ಕ ಏನೂ ಅನ್ನುವುದಿಲ್ಲ ಎಂಬುದು ನಮ್ಮ ಕೋರ್ಟುಗಳ ಅರ್ಧ ಸಿವಿಲ್ ದಾವೆಗಳ ಮೊದಲ ವಾಕ್ಯ. ಅವರಿಗೆ ಸಲ್ಲಬೇಕಾದದ್ದು ಸಂದು, ಹಕ್ಕು ಖುಲಾಸೆ ಪತ್ರ ನೋಂದಣಿಯಾದ ಮೇಲೆಯೇ ನಾವು ಮುಂದೆ ಹೆಜ್ಜೆ ಇಟ್ಟದ್ದು. ಇನ್ನೊಂದು ಎಚ್ಚರ: ಯಾವುದನ್ನು ಮಾರುವಂತಿಲ್ಲವೋ ಅದನ್ನು ಬದಲಾಯಿಸುವಂತೆಯೂ ಇಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ವರ್ಗಾವಣೆ ಎಂಬುದಕ್ಕೆ ವಿನಿಮಯವೂ ಸೇರಿದೆ. ಮಾರಲಾಗದ್ದನ್ನು ಅದಲು ಬದಲು ಎಂದು ಸಾಗಹಾಕಿಕೊಡುತ್ತೇವೆ ಅನ್ನುವವರಿದ್ದಾರೆ, ಅವರಿಂದ ದೂರವಿರಿ.

ಸಾಲ ಇದ್ದರೇನು ಎಂಬ ಪ್ರಶ್ನೆಗೆ ನನ್ನ ಬಳಿ ಜಾಣ ಉತ್ತರವಿಲ್ಲ. ಪತ್ರಗಳು ಬ್ಯಾಂಕಿನ ಲಾಕರಿನಲ್ಲಿದ್ದರೆ ಸಾಲ ತೀರಿಸಿ ಬನ್ನಿ, ಅಥವಾ ಬ್ಯಾಂಕನ್ನು ಒಪ್ಪಿಸಿ ಬನ್ನಿ.

ಕೊನೆಗೆ ಎಲ್ಲರೂ ಎತ್ತುವ ತಕರಾರು: "ನಿಮ್ಮ ಅದೃಷ್ಟ, ಸಿಕ್ಕರು. ಎಲ್ಲರಿಗೂ ಎಲ್ಲಿ ಸಿಗ್ತಾರೆ?" ಇದು ಬಲವಾದ ಮಾತು, ಹಾರಿಸಲಾರೆ. ನನಗೆ ಬೇಕಾದ ಮನೆ ಇರುವವರಿಗೆ ನನ್ನ ಮನೆಯೇ ಬೇಕಾಗಿರಬೇಕು, ಕಾಲವೂ ಕೂಡಿಬರಬೇಕು. ಆದರೆ ನಾನು ಮೇಷ್ಟರ ಇಲಾಖೆಯವಳು. ಪರಸ್ಪರ ವರ್ಗಾವಣೆ ಎಂಬುದು ನಮಗೆ ಗೊತ್ತು. ನಾನೇ ಒಂದು ಕಾಲದಲ್ಲಿ ತಿಪಟೂರಿನಿಂದ ಬೆಂಗಳೂರಿಗೆ ಬಂದದ್ದು ಮ್ಯೂಚುಯಲ್ಲಿನಲ್ಲಿ. ಆ ಕಡೆಯ ಟೀಚರನ್ನು ಹುಡುಕಿದ್ದು ಇಲಾಖೆಯಲ್ಲ. ಮೌಲ್ಯಮಾಪನದ ಕ್ಯಾಂಪಿನಲ್ಲಿ, ಊಟದ ಡಬ್ಬಿ ಬಿಚ್ಚುತ್ತಾ, "ನಿಮ್ಮ ಕಡೆ ಯಾರಾದರೂ ತುಮಕೂರು ಜಿಲ್ಲೆಗೆ ಹೋಗೋರಿದ್ದಾರಾ" ಎಂದು ಕೇಳಿ ಕೇಳಿ. ಈ ಮನೆಯೂ ಹಾಗೇ ಸಿಕ್ಕಿತು, ಹಳೆಯ ಸಹೋದ್ಯೋಗಿಯ ನಾದಿನಿಯ ಬಾಯಿಂದ.

ಹುಡುಕಬೇಕಾದ ಜಾಗವೂ ಅಷ್ಟು ದೂರದ್ದೇನಲ್ಲ. ಬೆಂಗಳೂರಿನ ಹಳೆಯ ಮೂರು ಮಹಡಿಯ ಕಟ್ಟಡಗಳನ್ನು ನೋಡಿ. ಮೂರನೇ ಮಹಡಿಯಲ್ಲಿ ಮಂಡಿ ನೋವಿನ ವಯಸ್ಸಾದವರು, ದಿನಸಿಯನ್ನು ಬುಟ್ಟಿ ಇಳಿಬಿಟ್ಟು ಮೇಲೆಳೆದುಕೊಳ್ಳುತ್ತಾರೆ. ನೆಲಮಹಡಿಯಲ್ಲಿ ಎಳೆಯ ಸಂಸಾರ, ಕತ್ತಲು, ಸೊಳ್ಳೆ, ಮಳೆಗಾಲದಲ್ಲಿ ಒಳಗೆ ಬರುವ ಚರಂಡಿ ನೀರು ಎಂದು ಗೊಣಗುತ್ತದೆ. ಒಂದೇ ಸಂಘದ ಮೀಟಿಂಗಿನಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು, ಇಬ್ಬರೂ ಬೇರೆಬೇರೆ ಬ್ರೋಕರ್‌ಗೆ ಫೋನು ಮಾಡುತ್ತಾರೆ! ಅಲ್ಲಿ ಟೈಟಲ್ ಹೊಸದಾಗಿ ಹುಡುಕುವಂಥದ್ದು ಕಡಿಮೆ, ಎರಡೂ ಮನೆಗೆ ಮೂಲಪತ್ರ ಒಂದೇ ನೆಲದ್ದು, ಬೆಲೆಯ ವ್ಯತ್ಯಾಸವೂ ಚಿಕ್ಕದು. ಇಬ್ಬರು ಸಿಗದೆ ಮೂವರನ್ನು ಕೂಡಿಸಿ ಸುತ್ತು ಹೊಡೆಸೋಣ, ಅವರ ಮನೆ ಇವರಿಗೆ, ಇವರದು ನಮಗೆ ಎಂದು ಕೆಲವರು ಉತ್ಸಾಹ ತೋರುತ್ತಾರೆ. ನಾನು ಬೇಡ ಎನ್ನುತ್ತೇನೆ. ಕಾಯ್ದೆ ಮಾತಾಡುವುದು ಇಬ್ಬರ ಪರಸ್ಪರ ಕೊಡುಕೊಳ್ಳುವಿಕೆಯ ಬಗ್ಗೆ. ಮೂರನೆಯವರು ಕೈಕೊಟ್ಟರೆ ಮೂರು ಸಂಸಾರಗಳ ಪಾತ್ರೆಪಡಗ ಬೀದಿಯಲ್ಲಿ. ಇಬ್ಬರದೇ ಸಾಮಾನು ಸಾಗಿಸುವುದರಲ್ಲಿ ಸಾಕಾಗಿಹೋಗಿತ್ತು. ಅವರ ಮನೆ ಖಾಲಿಯಾಗದೆ ನಾವು ಹಾಲು ಉಕ್ಕಿಸುವಂತಿಲ್ಲ, ನಮ್ಮದು ಖಾಲಿಯಾಗದೆ ಅವರು. ಪುರೋಹಿತರು ಇಬ್ಬರಿಗೂ ಒಂದೇ ಶುಕ್ರವಾರ ಕೊಟ್ಟಿದ್ದರು. ಒಂದು ರಾತ್ರಿ ನಮ್ಮ ಬೀರು, ಒರಳುಕಲ್ಲು, ಪುಸ್ತಕದ ಪೆಟ್ಟಿಗೆಗಳೆಲ್ಲ ಇದೇ ಜಗಲಿಯಲ್ಲಿ ಟಾರ್ಪಾಲಿನ ಕೆಳಗೆ ಮಲಗಿದ್ದವು.

"ಮಾರಿದರೆ ಕೈ ತೊಳೆದುಕೊಳ್ಳಬಹುದಿತ್ತು, ಈಗ ಜೀವಮಾನವಿಡೀ ಅವರ ಹಂಗು" ಎಂದು ಯಜಮಾನರೂ ಒಮ್ಮೆ ಗೊಣಗಿದರು. ಮನೆಯೊಳಗಿನ ಈ ವಿರೋಧಿಗೆ ಪೂರ್ತಿ ಉತ್ತರ ಕೊಡಲು ನನಗಿನ್ನೂ ಆಗಿಲ್ಲ. ಪತ್ರದಲ್ಲಿ ಗೀಸರು, ಯುಪಿಎಸ್ಸು, ಸೀಲಿಂಗ್ ಫ್ಯಾನುಗಳವರೆಗೆ ಬರೆಸಿದ್ದೆವು. ಹಿತ್ತಲಿನ ಎರಡು ತೆಂಗಿನಮರಗಳ ಫಸಲು ಯಾರಿಗೆಂದು ಬರೆಸಲು ಮರೆತಿದ್ದೆವು. ಮನೆ ಕೊಟ್ಟ ಆತನ ಹೆಂಡತಿ ಮದುವೆಯಾಗಿ ಬಂದ ವರ್ಷ ನೆಟ್ಟ ಗಿಡಗಳಂತೆ. ಎರಡು ತಿಂಗಳಿಗೊಮ್ಮೆ ಫೋನು ಬರುತ್ತದೆ: "ಆಂಟಿ, ಕಾಯಿ ಕೀಳಿಸಿದ್ರಾ?" ಕೀಳಿಸಿದ ದಿನ ಅರ್ಧವನ್ನು ಗೋಣಿಚೀಲಕ್ಕೆ ತುಂಬಿ, ಬೆಂಗಳೂರಿನ ಬಸ್ಸಿಗೆ ಹಾಕಿಬರಲು ಯಜಮಾನರನ್ನೇ ಕಳಿಸುತ್ತೇನೆ.